ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಡ್ಯಾಶ್‌ಬೋರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಫೋನಿನಲ್ಲಿ ಹೇಳಿ ಹೇಳಿ, ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನಿಸಿತು. ಇಲ್ಲಿರುವುದು ಬಹುಪಾಲು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಅದರ ಅಂಕಿಗಳನ್ನು ಕೂಡಿಡುವ ಪ್ರೊಮಿಥಿಯಸ್, ಅವನ್ನು ಗ್ರಾಫ್ ಮಾಡಿ ತೋರಿಸುವ ಗ್ರಫಾನಾ ಈ ಮೂರರ ಮಾತು. ಬೇರೆ ಡೇಟಾಬೇಸ್ ಬಳಸುವವರಿಗೂ ಕೆಳಗೆ ಒಂದು ಉತ್ತರ ಇದೆ.

ತೊಂದರೆ ಬಂದಾಗ ಲಾಗಿನ್ ಆಗಿ ನೋಡಿದರೆ ಸಾಲದಾ? ಡ್ಯಾಶ್‌ಬೋರ್ಡ್ ಯಾಕೆ ಬೇಕು?

ಸಾಲದು. ಲಾಗಿನ್ ಆದಾಗ ಕಾಣುವುದು ಆ ಕ್ಷಣದ ಸ್ಥಿತಿ ಮಾತ್ರ. ಅದು ಎಂದಿನಂತೆ ಇದೆಯೋ, ಕೆಟ್ಟಿದೆಯೋ ಎಂದು ಹೇಳಬೇಕಾದರೆ ನಿನ್ನೆ ಹೇಗಿತ್ತು, ಹೋದ ವಾರ ಹೇಗಿತ್ತು ಅಂತ ಗೊತ್ತಿರಬೇಕು.

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳಲ್ಲಿ ಬರುವ ಜಲಾಶಯಗಳ ಪಟ್ಟಿ ನೆನಪಿಸಿಕೊಳ್ಳಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಅದರ ಪಕ್ಕ ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂಬುದು ಇರುತ್ತದೆ. ಮಂಡ್ಯದ ಕಡೆಯ ರೈತರಿಗೆ ಆ ನಾಲ್ಕೈದು ಅಂಕಿ ಸಾಕು. ಈ ಸಲ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅಂದಾಜು ಹಾಕಿಬಿಡುತ್ತಾರೆ. ಬರೀ 'ಇಂದು 100 ಅಡಿ ಇದೆ' ಅಂದರೆ ಏನು ತಿಳಿಯುತ್ತೆ? ಜೂನ್‌ನಲ್ಲಿ 100 ಅಡಿ ಇದ್ದರೆ ಸಮಾಧಾನ, ನವೆಂಬರ್‌ನಲ್ಲಿ ಇದ್ದರೆ ಚಿಂತೆ.

ಒಳ್ಳೆಯ ಡೇಟಾಬೇಸ್ ಡ್ಯಾಶ್‌ಬೋರ್ಡ್ ಅಂದರೆ ಆ ಪಟ್ಟಿಯೇ. ಮಿತಿ ಎಷ್ಟು, ಈಗ ಎಷ್ಟಿದೆ, ಎಷ್ಟು ವೇಗದಲ್ಲಿ ತುಂಬುತ್ತಿದೆ, ಹಿಂದೆ ಇದೇ ಹೊತ್ತಿಗೆ ಎಷ್ಟಿತ್ತು. ಡೇಟಾಬೇಸ್ ಹೆಚ್ಚಾಗಿ ಒಂದೇ ಏಟಿಗೆ ಬೀಳುವುದಿಲ್ಲ. ಬೀಳುವ ಮೊದಲು ಎಷ್ಟೋ ದಿನ ಸದ್ದಿಲ್ಲದೆ ನರಳುತ್ತಿರುತ್ತದೆ. ಆ ದಿನಗಳು ನಮ್ಮ ಕಣ್ಣಿಗೆ ಬೀಳಬೇಕು.

ಏನೇನು ಇನ್‌ಸ್ಟಾಲ್ ಮಾಡಬೇಕು? ದುಡ್ಡು ಕೊಡಬೇಕಾ?

ಶುರುಮಾಡಲು ದುಡ್ಡು ಬೇಡ. ನಾಲ್ಕು ತುಂಡುಗಳಿವೆ. ಪೋಸ್ಟ್‌ಗ್ರೆಸ್ ಎಕ್ಸ್‌ಪೋರ್ಟರ್ ಡೇಟಾಬೇಸ್‌ಗೆ ಕನೆಕ್ಟ್ ಆಗಿ ಅಂಕಿಗಳನ್ನು ಓದುತ್ತದೆ, ಪೋರ್ಟ್ 9187ರಲ್ಲಿ ಕೊಡುತ್ತದೆ. ನೋಡ್ ಎಕ್ಸ್‌ಪೋರ್ಟರ್ ಆ ಮಷಿನ್ನಿನ ಸಿಪಿಯು, ಮೆಮೊರಿ, ಡಿಸ್ಕ್ ಲೆಕ್ಕವನ್ನು 9100ರಲ್ಲಿ ಕೊಡುತ್ತದೆ. ಪ್ರೊಮಿಥಿಯಸ್ ಇಬ್ಬರ ಹತ್ತಿರವೂ ಆಗಾಗ ಹೋಗಿ ಕೇಳಿ, ಬಂದ ಉತ್ತರವನ್ನು ಸಮಯದ ಜೊತೆ ಬರೆದಿಡುತ್ತದೆ. ಗ್ರಫಾನಾ ಅದನ್ನು ಗ್ರಾಫ್ ಮಾಡಿ ತೋರಿಸುತ್ತದೆ. ಪ್ರೊಮಿಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಶುರುವಾದದ್ದು. ಗ್ರಫಾನಾ 2014ರಲ್ಲಿ ಬಂತು. ಎರಡೂ ಈಗ ಪಳಗಿದ ಸಾಧನಗಳು, ನೆಚ್ಚಬಹುದು.

ಎರಡು ಮಾತು ಮರೆಯಬೇಡಿ. ಒಂದು, ಎಕ್ಸ್‌ಪೋರ್ಟರ್‌ಗೆ ಸೂಪರ್‌ಯೂಸರ್ ಪಾಸ್‌ವರ್ಡ್ ಕೊಡಬೇಡಿ. ಪೋಸ್ಟ್‌ಗ್ರೆಸ್ 10ರಿಂದ 'ಪಿಜಿ_ಮಾನಿಟರ್' ಎಂಬ ರೋಲ್ ಇದೇ ಕೆಲಸಕ್ಕೆಂದೇ ಇದೆ. ಎರಡು, ಪ್ರೊಮಿಥಿಯಸ್ ಮತ್ತು ಗ್ರಫಾನಾವನ್ನು ಡೇಟಾಬೇಸ್ ಇರುವ ಮಷಿನ್ನಿನಲ್ಲೇ ಇಡಬೇಡಿ. ಆ ಮಷಿನ್ ಕೈಕೊಟ್ಟ ದಿನವೇ ನಿಮಗೆ ಗ್ರಾಫ್ ಬೇಕಾಗುವುದು, ಅಲ್ವಾ?

ರೆಡಿಮೇಡ್ ಡ್ಯಾಶ್‌ಬೋರ್ಡ್ ಹಾಕಿಕೊಂಡರೆ ಆಗಲ್ವಾ?

ಕಲಿಯಲು ಆಗುತ್ತದೆ. ಗ್ರಫಾನಾ ಸೈಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಐವತ್ತು ಪ್ಯಾನೆಲ್ ಇರುವ ಪುಟವನ್ನು ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಲ್ಲಿ ಓದಲು ಯಾರಿಂದಲೂ ಆಗುವುದಿಲ್ಲ. ನಾನು ಮೊದಲ ಪುಟದಲ್ಲಿ ಆರೇಳು ಪ್ಯಾನೆಲ್ ಮಾತ್ರ ಇಡುತ್ತೇನೆ. ಸೆಕೆಂಡಿಗೆ ಎಷ್ಟು ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಕೆಲಸಗಳ ಒಂದು ಕಂತೆ), ಆ್ಯಪ್ ಕಡೆಯಿಂದ ಅಳೆದ ಉತ್ತರದ ಸಮಯ, ಎರರ್ ಮತ್ತು ರೋಲ್‌ಬ್ಯಾಕ್ (ರದ್ದಾದ ಟ್ರಾನ್ಸಾಕ್ಷನ್), ಕೆಲಸದಲ್ಲಿರುವ ಹಾಗೂ ಕಾಯುತ್ತಿರುವ ಕನೆಕ್ಷನ್, ಡಿಸ್ಕ್ ತುಂಬಲು ಉಳಿದ ದಿನ, ರೆಪ್ಲಿಕಾ (ಮುಖ್ಯ ಡೇಟಾಬೇಸ್‌ನ ನಕಲು ಇಟ್ಟುಕೊಳ್ಳುವ ಇನ್ನೊಂದು ಸರ್ವರ್) ಎಷ್ಟು ಹಿಂದಿದೆ, ಕೊನೆಯ ಒಳ್ಳೆಯ ಬ್ಯಾಕಪ್ ಆಗಿ ಎಷ್ಟು ಗಂಟೆಯಾಯಿತು. ಉಳಿದದ್ದೆಲ್ಲ ಒಳಪುಟಗಳಲ್ಲಿ.

ಒಂದು ಪ್ಯಾನೆಲ್ ಇಡಬೇಕೋ ಬೇಡವೋ ಎಂಬ ಅನುಮಾನ ಬಂದರೆ ಹೀಗೆ ಕೇಳಿಕೊಳ್ಳಿ: ಈ ಗೆರೆ ಮೇಲೆ ಹೋದರೆ ನಾನೇನು ಮಾಡುತ್ತೇನೆ? ಉತ್ತರ ಸಿಗದಿದ್ದರೆ ತೆಗೆದುಬಿಡಿ.

ಸಿಪಿಯು 20% ಕೂಡ ಇಲ್ಲ. ಆದರೂ ಎಲ್ಲರೂ ನಿಧಾನ ಅಂತಿದ್ದಾರೆ. ಯಾಕೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಸಿಪಿಯು ಸುಮ್ನೆ ಇದೆ ಅಂದರೆ ಕೆಲಸ ಇಲ್ಲ ಅಂತಲ್ಲ. ಕ್ವೆರಿಗಳು, ಅಂದರೆ ಡೇಟಾಬೇಸ್‌ಗೆ ಕಳಿಸಿದ ಕೋರಿಕೆಗಳು, ಯಾವುದಕ್ಕೋ ಕಾಯುತ್ತಾ ಕೂತಿವೆ ಅಂತ. ಯಾವುದಕ್ಕೆ ಎಂದು ಪೋಸ್ಟ್‌ಗ್ರೆಸ್ ತಾನೇ ಹೇಳುತ್ತದೆ. 'ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ' ಎಂಬ ವ್ಯೂನಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಸಾಲಿದೆ. ಅದರ 'ವೇಯ್ಟ್_ಇವೆಂಟ್_ಟೈಪ್' ಕಾಲಂ ನೋಡಿ.

ಅಲ್ಲಿ 'ಐಒ' ಜಾಸ್ತಿ ಇದ್ದರೆ ಡಿಸ್ಕ್ ನಿಧಾನ. 'ಲಾಕ್' ಜಾಸ್ತಿ ಇದ್ದರೆ ಒಬ್ಬರು ಇನ್ನೊಬ್ಬರ ದಾರಿ ಕಟ್ಟಿದ್ದಾರೆ. 'ಕ್ಲೈಂಟ್' ಇದ್ದರೆ ಡೇಟಾಬೇಸ್ ತನ್ನ ಪಾಲಿನ ಕೆಲಸ ಮುಗಿಸಿ ಆ್ಯಪ್‌ಗಾಗಿ ಕಾಯುತ್ತಿದೆ. ಈ ಕಾಲಂ ಪ್ರಕಾರ ಕನೆಕ್ಷನ್‌ಗಳನ್ನು ಎಣಿಸಿ, ಬಣ್ಣಬಣ್ಣದ ಪದರಗಳಾಗಿ ಒಂದು ಗ್ರಾಫ್ ಮಾಡಿ. ನನ್ನನ್ನು ಕೇಳಿದರೆ ಇಡೀ ಡ್ಯಾಶ್‌ಬೋರ್ಡಿನಲ್ಲಿ ಅತಿ ಬೆಲೆಯುಳ್ಳ ಪ್ಯಾನೆಲ್ ಇದೇ.

ಲಾಕ್ ಪದರ ಉಬ್ಬಿದಾಗ ನಾನು ಮೊದಲು ಹುಡುಕುವುದು 'ಐಡಲ್ ಇನ್ ಟ್ರಾನ್ಸಾಕ್ಷನ್' ಸ್ಥಿತಿಯನ್ನು. ಯಾವುದೋ ಪ್ರೋಗ್ರಾಂ ಟ್ರಾನ್ಸಾಕ್ಷನ್ ತೆರೆಯಿತು, ಒಂದು ಸಾಲು ಅಪ್‌ಡೇಟ್ ಮಾಡಿತು. ಆಮೇಲೆ ಕಮಿಟ್ ಮಾಡದೆ, ಅಂದರೆ ಟ್ರಾನ್ಸಾಕ್ಷನ್ ಮುಗಿಸದೆ, ಬೇರೆ ಕಡೆಯ ಪೇಮೆಂಟ್ ಸರ್ವರ್‌ನ ಉತ್ತರಕ್ಕೆ ಕಾಯುತ್ತಾ ನಿಂತಿತು. ಅಷ್ಟೂ ಹೊತ್ತು ಆ ಸಾಲಿನ ಲಾಕ್ ಅದರ ಕೈಯಲ್ಲೇ. ಅದೇ ಸಾಲು ಬೇಕಾದವರೆಲ್ಲ ಹಿಂದೆ ಸಾಲುಗಟ್ಟುತ್ತಾರೆ. ಇಂಥವು ಎಷ್ಟಿವೆ, ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ಎಷ್ಟು ಸೆಕೆಂಡ್ ಆಗಿದೆ ಎಂದು ಒಂದು ಗ್ರಾಫ್ ಇರಲಿ. ಪೋಸ್ಟ್‌ಗ್ರೆಸ್ 9.6ರಿಂದ ಇಂಥ ಕನೆಕ್ಷನ್‌ಗಳನ್ನು ಇಷ್ಟು ಹೊತ್ತಾದ ಮೇಲೆ ಕಿತ್ತುಹಾಕು ಎಂದು ಟೈಮ್‌ಔಟ್ ಇಡಬಹುದು. ಇಡಿ. ಆದರೆ ಆ್ಯಪ್ ಬರೆಯುವವರ ಜೊತೆ ಕೂತು ಕೋಡ್ ಸರಿಮಾಡಿಸುವುದನ್ನು ಬಿಡಬೇಡಿ.

ಯಾವ ಕ್ವೆರಿ ಭಾರವಾಗಿದೆ ಅಂತ ಕಂಡುಹಿಡಿಯುವುದು ಹೇಗೆ?

'ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್' ಎಂಬ ಎಕ್ಸ್‌ಟೆನ್ಷನ್ ಹಾಕಿ. ಅದು ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ಕಾನ್ಫಿಗರೇಷನ್‌ನಲ್ಲಿ ಸೇರಿಸಿ ಸರ್ವರ್ ರೀಸ್ಟಾರ್ಟ್ ಮಾಡಬೇಕು. ಹೊಸ ಸರ್ವರ್ ಸಿದ್ಧಮಾಡುವಾಗಲೇ ಹಾಕಿಬಿಟ್ಟರೆ ಆಮೇಲೆ ರೀಸ್ಟಾರ್ಟ್‌ಗೆ ಅನುಮತಿ ಕೇಳುತ್ತಾ ಅಲೆಯುವುದು ತಪ್ಪುತ್ತದೆ.

ಅದರಲ್ಲಿ ಪ್ರತಿ ಬಗೆಯ ಕ್ವೆರಿಯೂ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಸಮಯ ತಿಂದಿತು ಎಂಬ ಲೆಕ್ಕ ಇರುತ್ತದೆ. ಹೊಸಬರು 'ಒಂದು ಸಲಕ್ಕೆ ಅತಿ ಹೆಚ್ಚು ಸಮಯ' ನೋಡುತ್ತಾರೆ. ನೀವು ಒಟ್ಟು ಸಮಯ ನೋಡಿ. ಒಂದು ರಿಪೋರ್ಟ್ ಕ್ವೆರಿ 8 ಸೆಕೆಂಡ್ ತಗೊಂಡು ದಿನಕ್ಕೆ 20 ಸಲ ಓಡಿದರೆ 160 ಸೆಕೆಂಡ್. ಇನ್ನೊಂದು ಪುಟ್ಟ ಕ್ವೆರಿ ಬರೀ 4 ಮಿಲಿಸೆಕೆಂಡ್, ಆದರೆ ದಿನಕ್ಕೆ 10 ಲಕ್ಷ ಸಲ ಓಡುತ್ತದೆ. ಅದರ ಲೆಕ್ಕ 4,000 ಸೆಕೆಂಡ್! ಆ ಪುಟ್ಟದನ್ನು ಅರ್ಧಕ್ಕೆ ಇಳಿಸಿದರೆ ಸಿಗುವ ಉಳಿತಾಯ, ದೊಡ್ಡದನ್ನು ಪೂರ್ತಿ ತೆಗೆದರೂ ಸಿಗುವುದಿಲ್ಲ.

ಇದರ ಜೊತೆಗೆ ನಿಧಾನದ ಕ್ವೆರಿಗಳು ಲಾಗ್‌ಗೆ ಬೀಳುವಂತೆ 'ಲಾಗ್_ಮಿನ್_ಡ್ಯೂರೇಷನ್_ಸ್ಟೇಟ್‌ಮೆಂಟ್' ಹಾಕಿ. ಮೊದಲಿಗೆ ಅದು ಆಫ್ ಇರುತ್ತದೆ. ಒಂದು ಸೆಕೆಂಡಿನಿಂದ ಶುರುಮಾಡಿ, ಲಾಗ್ ಹಗುರವಾಗುತ್ತಾ ಬಂದ ಹಾಗೆ ಇಳಿಸುತ್ತಾ ಹೋಗಿ.

ಸರಾಸರಿ ಉತ್ತರದ ಸಮಯ ಚೆನ್ನಾಗೇ ಇದೆ. ಸಾಕಲ್ವಾ?

ಸರಾಸರಿ ಮೋಸ ಮಾಡುತ್ತದೆ. ನೂರು ಕ್ವೆರಿಗಳಲ್ಲಿ 98 ಕ್ವೆರಿ 10 ಮಿಲಿಸೆಕೆಂಡಿಗೆ ಮುಗಿದವು, ಎರಡು ಮಾತ್ರ 5 ಸೆಕೆಂಡ್ ಎಳೆದವು ಅಂದುಕೊಳ್ಳಿ. ಸರಾಸರಿ ಸುಮಾರು 110 ಮಿಲಿಸೆಕೆಂಡ್. ಆ ಅನುಭವ ನಿಜವಾಗಿ ಯಾರಿಗೂ ಆಗಿಲ್ಲ. ಬಹುಪಾಲು ಜನ ಅದಕ್ಕಿಂತ ಹತ್ತು ಪಟ್ಟು ಬೇಗ ಉತ್ತರ ಪಡೆದರು. ಇಬ್ಬರು ಪರದೆ ನೋಡುತ್ತಾ ಕಾದರು.

ಅದಕ್ಕೇ ಪರ್ಸೆಂಟೈಲ್ ನೋಡಬೇಕು. ಪಿ95 ಅಂದರೆ 95% ಕೋರಿಕೆಗಳು ಈ ಸಮಯದೊಳಗೆ ಮುಗಿದಿವೆ ಅಂತ. ಪಿ99 ಇನ್ನೂ ಬಿಗಿ. ಮೇಲಿನ ಉದಾಹರಣೆಯಲ್ಲಿ ಪಿ95 ಕೂಡ 10 ಮಿಲಿಸೆಕೆಂಡ್ ಅಂತಲೇ ಹೇಳುತ್ತದೆ, ಪಿ99 ಮಾತ್ರ 5 ಸೆಕೆಂಡ್ ತೋರಿಸುತ್ತದೆ. ಹಾಗಾಗಿ ಎರಡೂ ಗೆರೆ ಇರಲಿ. ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಪರ್ಸೆಂಟೈಲ್ ಕೊಡುವುದಿಲ್ಲ. ಇದನ್ನು ಆ್ಯಪ್ ಕಡೆಯಿಂದಲೇ ಅಳೆಯಬೇಕು.

'ಟೂ ಮೆನಿ ಕ್ಲೈಂಟ್ಸ್' ಎರರ್ ಬರ್ತಿದೆ. ಮ್ಯಾಕ್ಸ್ ಕನೆಕ್ಷನ್ಸ್ ಜಾಸ್ತಿ ಮಾಡಲಾ?

ತಡೆಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಮೊದಲಿಗಿರುವ ಮಿತಿ 100. ಇಲ್ಲಿ ಒಂದೊಂದು ಕನೆಕ್ಷನ್ ಅಂದರೂ ಸರ್ವರ್‌ನಲ್ಲಿ ಒಂದು ಬೇರೆಯೇ ಪ್ರೋಸೆಸ್, ಅದಕ್ಕೆ ಅದರದೇ ಮೆಮೊರಿ. 1000ಕ್ಕೆ ಏರಿಸಿದರೆ ಎರರ್ ಹೋಗುತ್ತದೆ, ಅದರ ಜಾಗಕ್ಕೆ ಮೆಮೊರಿ ತುಂಬಿ ಇಡೀ ಸರ್ವರ್ ಬೀಳಬಹುದು.

ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಸೆಕೆಂಡಿಗೆ 500 ಕ್ವೆರಿ ಬರುತ್ತವೆ, ಒಂದೊಂದಕ್ಕೆ 20 ಮಿಲಿಸೆಕೆಂಡ್ ಬೇಕು. 500ಕ್ಕೆ 0.02 ಗುಣಿಸಿದರೆ 10. ಅಂದರೆ ಯಾವುದೇ ಹೊತ್ತಿನಲ್ಲಿ ಸರಾಸರಿ 10 ಕನೆಕ್ಷನ್ ಮಾತ್ರ ನಿಜವಾಗಿ ದುಡಿಯುತ್ತಿರುತ್ತವೆ. ಸಾಲುಗಳ ಗಣಿತದಲ್ಲಿ ಇದಕ್ಕೆ ಲಿಟಲ್ಸ್ ಲಾ ಅನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಈಗ ಒಂದು ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಹಾಳಾಗಿ ಅದೇ ಕ್ವೆರಿ 200 ಮಿಲಿಸೆಕೆಂಡ್ ಆಯಿತು ಅನ್ನಿ. 500 ಗುಣಿಸು 0.2, ಅಂದರೆ 100. ಮಿತಿ ಮುಟ್ಟಿತು, ಎರರ್ ಶುರು! ಜನ ಜಾಸ್ತಿ ಬಂದಿಲ್ಲ, ಕ್ವೆರಿ ನಿಧಾನವಾಗಿದೆ ಅಷ್ಟೇ. ಕನೆಕ್ಷನ್ ಗ್ರಾಫಿನ ಕೆಳಗೇ ಉತ್ತರದ ಸಮಯದ ಗ್ರಾಫ್ ಇಟ್ಟರೆ ಯಾವುದು ಮೊದಲು ಏರಿತು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇನ್ನೊಂದು ಕಾರಣ ಆ್ಯಪ್ ಸರ್ವರ್‌ಗಳ ಲೆಕ್ಕ. ಎಂಟು ಆ್ಯಪ್ ಸರ್ವರ್, ಪ್ರತಿಯೊಂದರ ಪೂಲ್‌ನಲ್ಲಿ (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿನಲ್ಲಿ) 20 ಕನೆಕ್ಷನ್ ಅಂದರೆ 160. ಹೆಚ್ಚಿನವು ಸುಮ್ನೆ ಕೂತಿರುತ್ತವೆ, ಆದರೂ ಜಾಗ ಹಿಡಿದಿರುತ್ತವೆ. ಇಂಥ ಕಡೆ ನಡುವೆ ಪಿಜಿಬೌನ್ಸರ್ ಇಡಿ, ಅದು ಕೆಲವೇ ಡೇಟಾಬೇಸ್ ಕನೆಕ್ಷನ್‌ಗಳನ್ನು ಹಲವು ಕ್ಲೈಂಟ್‌ಗಳಿಗೆ ಹಂಚುತ್ತದೆ. ಆಮೇಲೆ ಅದರೊಳಗೆ ಕಾಯುತ್ತಿರುವ ಕ್ಲೈಂಟ್‌ಗಳ ಸಂಖ್ಯೆಯನ್ನೂ ಡ್ಯಾಶ್‌ಬೋರ್ಡ್‌ಗೆ ತನ್ನಿ. ಇಲ್ಲದಿದ್ದರೆ ಸಾಲು ಡೇಟಾಬೇಸ್‌ನಿಂದ ಬೌನ್ಸರ್‌ಗೆ ಜಾಗ ಬದಲಿಸುತ್ತದೆ, ನಿಮಗೆ ಕಾಣುವುದೇ ಇಲ್ಲ.

ಕ್ಯಾಶ್ ಹಿಟ್ 99% ಇದೆ. ಚೆನ್ನಾಗಿದೆ ಅಂತ ಅಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಕ್ಯಾಶ್ ಹಿಟ್ ಅಂದರೆ ಡಿಸ್ಕಿಗೆ ಹೋಗದೆ ಮೆಮೊರಿಯಿಂದಲೇ ಸಿಕ್ಕ ಓದುಗಳ ಪಾಲು. ಇಂಡೆಕ್ಸ್ ಇಲ್ಲದೆ ಇಡೀ ಟೇಬಲ್ಲನ್ನು ಮೆಮೊರಿಯಿಂದಲೇ ಮತ್ತೆ ಮತ್ತೆ ಓದುವ ಕೆಟ್ಟ ಕ್ವೆರಿಯೂ 99% ತೋರಿಸುತ್ತದೆ. ಇನ್ನೊಂದು ಕಡೆ, ಪೋಸ್ಟ್‌ಗ್ರೆಸ್ 'ಡಿಸ್ಕಿನಿಂದ ಓದಿದೆ' ಅನ್ನುವುದು ಎಷ್ಟೋ ಸಲ ಲಿನಕ್ಸ್‌ನ ಮೆಮೊರಿಯಿಂದಲೇ ಬಂದಿರುತ್ತದೆ. ಈ ಅಂಕಿ ದಿಢೀರ್ ಅಂತ ಇಳಿದರೆ ಮಾತ್ರ ಯಾಕೆ ಎಂದು ಹುಡುಕಿ.

ಡಿಸ್ಕ್ ಯಾವಾಗ ತುಂಬುತ್ತೆ ಅಂತ ಮೊದಲೇ ಹೇಳಲು ಆಗುತ್ತಾ?

ಆಗುತ್ತದೆ. ಹೇಳಲೇಬೇಕು. ಆದರೆ ಶೇಕಡಾ ಲೆಕ್ಕ ಬಿಡಿ. 'ಡಿಸ್ಕ್ 80% ತುಂಬಿದೆ' ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. 4 ಟಿಬಿ ಡಿಸ್ಕಿನಲ್ಲಿ 20% ಅಂದರೆ 800 ಜಿಬಿ. ದಿನಕ್ಕೆ 1 ಜಿಬಿ ಬೆಳೆಯುತ್ತಿದ್ದರೆ ಎರಡು ವರ್ಷ ಇದೆ. 100 ಜಿಬಿ ಡಿಸ್ಕಿನಲ್ಲಿ ಅದೇ 20%, ದಿನಕ್ಕೆ 4 ಜಿಬಿ ಬೆಳೆದರೆ ಐದೇ ದಿನ. ಉಳಿದ ದಿನಗಳನ್ನು ತೋರಿಸಿ. ಹೊಸ ಡಿಸ್ಕ್ ತರಿಸಲು ನಿಮ್ಮ ಆಫೀಸಿನಲ್ಲಿ ಮೂರು ವಾರ ಬೇಕಾದರೆ, 45 ದಿನ ಉಳಿದಾಗಲೇ ಅಲರ್ಟ್ ಬರಲಿ.

ಪ್ರೊಮಿಥಿಯಸ್‌ನಲ್ಲಿ 'ಪ್ರೆಡಿಕ್ಟ್_ಲೀನಿಯರ್' ಎಂಬ ಫಂಕ್ಷನ್ ಇದೇ ಕೆಲಸಕ್ಕಿದೆ. ಕಳೆದ ಕೆಲವು ದಿನಗಳ ಗೆರೆಯನ್ನು ನೇರವಾಗಿ ಮುಂದಕ್ಕೆ ಎಳೆಯುತ್ತದೆ. ಎಷ್ಟು ಹಿಂದಿನ ದಿನಗಳನ್ನು ಕೊಡುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಬರೀ ಒಂದು ಗಂಟೆ ಕೊಟ್ಟರೆ ರಾತ್ರಿಯ ಬ್ಯಾಚ್ ಕೆಲಸ ನೋಡಿ ಸುಮ್ನೆ ಗಾಬರಿ ಎಬ್ಬಿಸುತ್ತದೆ. ನಿಧಾನದ ಬೆಳವಣಿಗೆಗೆ ಎರಡು ವಾರದ ಲೆಕ್ಕ, ದಿಢೀರ್ ತುಂಬುವುದಕ್ಕೆ ಆರು ಗಂಟೆಯ ಲೆಕ್ಕ, ಹೀಗೆ ಎರಡು ಬೇರೆ ಅಲರ್ಟ್ ಇಡಿ.

ಆ ಎರಡನೆಯದು ಯಾಕೆ ಬೇಕು ಎಂದು ನಾನು ಪೆಟ್ಟು ತಿಂದು ಕಲಿತೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಒಂದು ಶುಕ್ರವಾರ ಹಳೆಯ ರೆಪ್ಲಿಕಾ ಮಷಿನ್ ಆಫ್ ಮಾಡಿದೆವು. ಅದಕ್ಕಾಗಿ ಮಾಡಿದ್ದ ರೆಪ್ಲಿಕೇಷನ್ ಸ್ಲಾಟ್ ಅಳಿಸಲು ಮರೆತೆವು. ಸ್ಲಾಟ್ ಇರುವವರೆಗೆ ಪೋಸ್ಟ್‌ಗ್ರೆಸ್ ಆ ರೆಪ್ಲಿಕಾ ಮತ್ತೆ ಬರುತ್ತದೆ ಎಂದು ನಂಬಿ, ವಾಲ್ ಫೈಲುಗಳನ್ನು (ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್) ಅದಕ್ಕಾಗಿ ತೆಗೆದಿಡುತ್ತಾ ಹೋಗುತ್ತದೆ. ಒಂದೊಂದು ಫೈಲು 16 ಎಂಬಿ. ಭಾನುವಾರ ಬೆಳಗ್ಗೆ ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿತು. ಆಗ ನಮ್ಮಲ್ಲಿ ಇದ್ದದ್ದು ಟೇಬಲ್‌ಗಳ ಗಾತ್ರದ ಗ್ರಾಫ್ ಮಾತ್ರ. ಅದರಲ್ಲಿ ಒಂದು ಎಂಬಿಯೂ ಏರಿರಲಿಲ್ಲ. ಅಂದಿನಿಂದ ಟೇಬಲ್, ಇಂಡೆಕ್ಸ್, ವಾಲ್, ಟೆಂಪ್ ಫೈಲ್ ನಾಲ್ಕನ್ನೂ ಬೇರೆ ಬೇರೆ ತೋರಿಸುತ್ತೇನೆ. ಕೆಲಸ ಮಾಡದ ಸ್ಲಾಟ್ ಒಂದಿದ್ದರೂ ಕೆಂಪು. ಪೋಸ್ಟ್‌ಗ್ರೆಸ್ 13ರಿಂದ ಸ್ಲಾಟ್ ಎಷ್ಟು ವಾಲ್ ಹಿಡಿದಿಡಬಹುದು ಎಂಬುದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಇದೆ. ಅದನ್ನೂ ಬಳಸಿ.

ಡಿಸ್ಕ್ ಬಿಟ್ಟರೆ ಬೇರೆ ಏನಾದರೂ ತುಂಬುತ್ತಾ?

ತುಂಬುತ್ತವೆ, ಮತ್ತು ಇವು ಹೆಚ್ಚಿನ ಡ್ಯಾಶ್‌ಬೋರ್ಡ್‌ಗಳಲ್ಲಿ ಇರುವುದೇ ಇಲ್ಲ.

ಮೊದಲನೆಯದು ಐಡಿ ಕಾಲಂ. ಸಾಮಾನ್ಯ 'ಇಂಟಿಜರ್' ಹಿಡಿಯುವ ಅತಿ ದೊಡ್ಡ ಸಂಖ್ಯೆ 2,147,483,647. ಅಂದರೆ ಸುಮಾರು 214 ಕೋಟಿ. ಅದಾದ ಮೇಲೆ ಹೊಸ ಸಾಲು ಸೇರುವುದಿಲ್ಲ. ಡಿಸ್ಕ್ ಖಾಲಿ ಇರುತ್ತದೆ, ಸಿಪಿಯು ಖಾಲಿ ಇರುತ್ತದೆ, ಡೇಟಾಬೇಸ್ ಮಾತ್ರ ಆಗಲ್ಲ ಅನ್ನುತ್ತದೆ. 2018ರ ನವೆಂಬರ್‌ನಲ್ಲಿ ಬೇಸ್‌ಕ್ಯಾಂಪ್ ಎಂಬ ಆನ್‌ಲೈನ್ ಸೇವೆಗೆ ಆದದ್ದು ಇದೇ. ಸುಮಾರು 5 ಗಂಟೆ ಜನ ಹಳೆಯದನ್ನು ಓದಬಹುದಿತ್ತು, ಹೊಸದೇನೂ ಬರೆಯಲು ಆಗುತ್ತಿರಲಿಲ್ಲ. ಪ್ರತಿ ಸೀಕ್ವೆನ್ಸ್‌ನ (ಹೊಸ ಐಡಿ ಕೊಡುವ ಎಣಿಕೆಯ) ಈಗಿನ ಸಂಖ್ಯೆಯನ್ನು ಕಾಲಂನ ಮಿತಿಯಿಂದ ಭಾಗಿಸಿ ಒಂದು ಪಟ್ಟಿ ಮಾಡಿ. ಅರ್ಧ ದಾಟಿದ್ದರೆ ಈಗಲೇ 'ಬಿಗ್‌ಇಂಟ್'ಗೆ ಬದಲಿಸುವ ಯೋಜನೆ ಹಾಕಿ. ದೊಡ್ಡ ಟೇಬಲ್‌ನಲ್ಲಿ ಈ ಬದಲಾವಣೆ ಒಂದು ಮಧ್ಯಾಹ್ನದ ಕೆಲಸ ಅಲ್ಲ.

ಎರಡನೆಯದು ಪೋಸ್ಟ್‌ಗ್ರೆಸ್‌ನದೇ ಟ್ರಾನ್ಸಾಕ್ಷನ್ ಐಡಿ. ಅದು 32 ಬಿಟ್‌ನ ಸಂಖ್ಯೆ, ಸುತ್ತುತ್ತಾ ಮತ್ತೆ ಮೊದಲಿಗೆ ಬರುತ್ತದೆ. ಅದಕ್ಕೇ ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಎಂಬ ಶುಚಿ ಮಾಡುವ ಕೆಲಸ ಆಗಾಗ ಬಂದು 'ಫ್ರೀಜ್' ಮಾಡಬೇಕು, ಅಂದರೆ ಇವು ಹಳೆಯವು ಎಂದು ಗುರುತು ಹಾಕಬೇಕು. ಮಾಡದ ಸಾಲಿನ ವಯಸ್ಸು 200 ಕೋಟಿ ಟ್ರಾನ್ಸಾಕ್ಷನ್ ದಾಟುತ್ತಾ ಬಂದರೆ ಡೇಟಾ ಕಾಪಾಡಲು ಪೋಸ್ಟ್‌ಗ್ರೆಸ್ ಬರೆಯುವುದನ್ನೇ ನಿಲ್ಲಿಸುತ್ತದೆ. 2019ರ ಫೆಬ್ರವರಿಯಲ್ಲಿ ಮೇಲ್‌ಚಿಂಪ್‌ನ ಮ್ಯಾಂಡ್ರಿಲ್ ಇಮೇಲ್ ಸೇವೆ ಇದೇ ಕಾರಣಕ್ಕೆ ಒಂದು ದಿನಕ್ಕೂ ಜಾಸ್ತಿ ಹೊತ್ತು ಒದ್ದಾಡಿತು. ವಯಸ್ಸು 20 ಕೋಟಿ ಆದಾಗ ಆಟೋವ್ಯಾಕ್ಯೂಮ್ ತಾನೇ ಎದ್ದು ಕೆಲಸ ಶುರುಮಾಡುತ್ತದೆ. ಹಾಗಾಗಿ 50 ಕೋಟಿಗೆ ಅಲರ್ಟ್ ಇಡಿ. ಅಲ್ಲಿಗೆ ಮುಟ್ಟಿತು ಅಂದರೆ ವ್ಯಾಕ್ಯೂಮ್‌ಗೆ ಏನೋ ಅಡ್ಡ ಬಂದಿದೆ.

ಮೂರನೆಯದು ಕ್ಲೌಡ್ ಡಿಸ್ಕಿನ ವೇಗ. ಅಮೆಜಾನ್‌ನ ಹಳೆಯ ಜಿಪಿ2 ಡಿಸ್ಕ್‌ಗೆ ಒಂದು ಜಿಬಿಗೆ 3 ಐಒಪಿಎಸ್ (ಒಂದು ಸೆಕೆಂಡಿನಲ್ಲಿ ಮಾಡಬಹುದಾದ ಓದು-ಬರಹಗಳ ಸಂಖ್ಯೆ). 100 ಜಿಬಿ ಡಿಸ್ಕ್ ಆದರೆ 300. ಕೂಡಿಟ್ಟ ಕ್ರೆಡಿಟ್ ಇರುವವರೆಗೆ 3000ದವರೆಗೂ ಓಡುತ್ತದೆ. ಕ್ರೆಡಿಟ್ ಮುಗಿದ ಕೂಡಲೇ 300ಕ್ಕೆ ಬಂದು ನಿಲ್ಲುತ್ತದೆ. ದಿನಾ ಮಧ್ಯಾಹ್ನ ಮೂರಕ್ಕೆ ನಿಧಾನ, ಬೆಳಗ್ಗೆ ಎಲ್ಲ ಸರಿ, ಅನ್ನುವ ದೂರು ಬಂದರೆ ಉಳಿದ ಕ್ರೆಡಿಟ್‌ನ ಗ್ರಾಫ್ ನೋಡಿ.

ಲಕ್ಷಗಟ್ಟಲೆ ಸಾಲು ಡಿಲೀಟ್ ಮಾಡಿದೆ. ಡಿಸ್ಕ್ ಒಂದು ಚೂರೂ ಖಾಲಿ ಆಗಿಲ್ಲ!

ಆಗುವುದಿಲ್ಲ. ಪೋಸ್ಟ್‌ಗ್ರೆಸ್ ಡಿಲೀಟ್ ಮಾಡಿದ ಸಾಲನ್ನು ಸತ್ತಿದೆ ಎಂದು ಗುರುತು ಹಾಕುತ್ತದೆ. ವ್ಯಾಕ್ಯೂಮ್ ಬಂದ ಮೇಲೆ ಆ ಜಾಗ ಅದೇ ಟೇಬಲ್‌ನ ಹೊಸ ಸಾಲುಗಳಿಗೆ ಸಿಗುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಬರುವುದು ಅಪರೂಪ.

ಇಲ್ಲಿ ನೋಡಬೇಕಾದ್ದು ಸತ್ತ ಸಾಲುಗಳ ಸಂಖ್ಯೆ ಮತ್ತು ಕೊನೆಯ ಆಟೋವ್ಯಾಕ್ಯೂಮ್ ಆದ ಸಮಯ. ಟೇಬಲ್‌ನ 20% ಸಾಲುಗಳು, ಮೇಲೆ 50, ಇಷ್ಟು ಸತ್ತಾಗ ಆಟೋವ್ಯಾಕ್ಯೂಮ್ ಬರುತ್ತದೆ. ಸಣ್ಣ ಟೇಬಲ್‌ಗೆ ಇದು ಸರಿ. 10 ಕೋಟಿ ಸಾಲಿನ ಟೇಬಲ್‌ನಲ್ಲಿ 2 ಕೋಟಿ ಸಾಯುವವರೆಗೆ ಯಾರೂ ಬರುವುದಿಲ್ಲ. ದೊಡ್ಡ ಟೇಬಲ್‌ಗಳಿಗೆ ಆ 20% ಅನ್ನು 1 ಅಥವಾ 2%ಗೆ ಇಳಿಸಿ. ಟೇಬಲ್‌ಗೆ ಬೇರೆ ಬೇರೆ ಹಾಕಬಹುದು.

ಅಲರ್ಟ್ ಎಷ್ಟು ಇಡಬೇಕು?

ನಿದ್ದೆಯಿಂದ ಎಬ್ಬಿಸುವವು ಐದಕ್ಕಿಂತ ಜಾಸ್ತಿ ಬೇಡ: ಡೇಟಾಬೇಸ್ ಉತ್ತರ ಕೊಡುತ್ತಿಲ್ಲ, ಎರರ್ ಏರಿದೆ, ಪಿ99 ಹತ್ತು ನಿಮಿಷದಿಂದ ಕೆಟ್ಟಿದೆ, ಡಿಸ್ಕ್ ಕೆಲವೇ ಗಂಟೆಯಲ್ಲಿ ತುಂಬುತ್ತದೆ, ರೆಪ್ಲಿಕಾ ನಿಂತಿದೆ. ಉಳಿದದ್ದು ಬೆಳಗ್ಗೆ ನೋಡುವ ಪಟ್ಟಿಗೆ ಹೋಗಲಿ. ಸಿಪಿಯು 90% ಆಯಿತು ಎಂದು ಯಾರನ್ನೂ ಎಬ್ಬಿಸಬೇಡಿ. ರಾತ್ರಿ ಬ್ಯಾಕಪ್ ಓಡುವಾಗ ಅದು ಸಹಜ. ಪದೇ ಪದೇ ಸುಳ್ಳು ಕೂಗಿದ ಅಲರ್ಟನ್ನು ಜನ ಮ್ಯೂಟ್ ಮಾಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಬ್ಯಾಕಪ್ ಕೂಡ ಡ್ಯಾಶ್‌ಬೋರ್ಡ್‌ನಲ್ಲಿ ಇರಬೇಕಾ? ಫೇಲ್ ಆದರೆ ಮೇಲ್ ಬರುತ್ತಲ್ಲಾ?

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕೋಡ್ ಇಡುವ ಸೇವೆಯಲ್ಲಿ ಒಬ್ಬ ಎಂಜಿನಿಯರ್ ರೆಪ್ಲಿಕಾ ಅಂದುಕೊಂಡು ಮುಖ್ಯ ಡೇಟಾಬೇಸ್‌ನ ಡೈರೆಕ್ಟರಿಯನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಬ್ಯಾಕಪ್ ತೆಗೆಯುವ ಪಿಜಿ_ಡಂಪ್‌ನ ಹಳೆಯ ಆವೃತ್ತಿ ಓಡುತ್ತಿದ್ದರಿಂದ ಬ್ಯಾಕಪ್ ಪ್ರತಿ ಸಲ ಫೇಲ್ ಆಗುತ್ತಿತ್ತು. ಫೇಲ್ ಆಯಿತು ಎಂಬ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಬೇರೆ ಕಾರಣಕ್ಕೆ ತೆಗೆದಿದ್ದ ಆರು ಗಂಟೆ ಹಳೆಯ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿದ್ದರಿಂದ ಬಚಾವಾದರು. ನಡೆದದ್ದನ್ನು ಅವರೇ ಮುಚ್ಚುಮರೆ ಇಲ್ಲದೆ ಬರೆದರು. ಅದಕ್ಕೆ ನಾನು ಅವರಿಗೆ ಋಣಿ.

ಹಾಗಾಗಿ 'ಫೇಲ್ ಆದರೆ ಹೇಳು' ಎಂದು ಕಾಯಬೇಡಿ. ಕೊನೆಯ ಒಳ್ಳೆಯ ಬ್ಯಾಕಪ್ ಆಗಿ ಎಷ್ಟು ಗಂಟೆಯಾಯಿತು, ಅದರ ಗಾತ್ರ ಎಷ್ಟು, ಅದನ್ನು ರಿಸ್ಟೋರ್ ಮಾಡಿ ನೋಡಿ ಎಷ್ಟು ದಿನವಾಯಿತು, ಮೂರೂ ಮೊದಲ ಪುಟದಲ್ಲಿರಲಿ. ಬ್ಯಾಕಪ್ ಸ್ಕ್ರಿಪ್ಟ್ ಮೌನವಾಗಿ ಸತ್ತರೂ ಗಂಟೆಗಳ ಎಣಿಕೆ ಏರುತ್ತಲೇ ಹೋಗುತ್ತದೆ.

ರೆಪ್ಲಿಕಾ 10 ನಿಮಿಷ ಹಿಂದಿದೆ ಅಂತ ರಾತ್ರಿ ತೋರಿಸುತ್ತೆ. ಬೆಳಗ್ಗೆ ಸರಿ ಇರುತ್ತೆ. ಏನಿದು?

ಮುಖ್ಯ ಡೇಟಾಬೇಸ್‌ಗೆ ಆ ಹೊತ್ತಿನಲ್ಲಿ ಯಾರೂ ಬರೆಯುತ್ತಿಲ್ಲ ಅಷ್ಟೇ. ಕೊನೆಯ ಟ್ರಾನ್ಸಾಕ್ಷನ್ ಆಗಿ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕುವ ಕ್ವೆರಿ ಬಳಸಿದರೆ ಹೀಗೆ ಆಗುತ್ತದೆ. ಎಷ್ಟು ಬೈಟ್ ಹಿಂದಿದೆ ಎಂಬುದನ್ನೂ ಜೊತೆಗೆ ತೋರಿಸಿ. ಬೈಟ್ ಸೊನ್ನೆ ಇದ್ದರೆ ಚಿಂತೆ ಬೇಡ.

ಹಳೆಯ ಅಂಕಿಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಪ್ರೊಮಿಥಿಯಸ್ ತಾನಾಗಿ ಇಡುವುದು 15 ದಿನ. ತೊಂದರೆ ಹುಡುಕಲು ಸಾಕು, ಸಾಮರ್ಥ್ಯದ ಲೆಕ್ಕಕ್ಕೆ ಏನೇನೂ ಸಾಲದು. ಮುಖ್ಯವಾದ ಹತ್ತಿಪ್ಪತ್ತು ಅಂಕಿಗಳನ್ನಾದರೂ ಕನಿಷ್ಠ 13 ತಿಂಗಳು ಇಡಿ. ಹೋದ ದೀಪಾವಳಿಯ ವಾರ, ಹೋದ ಮಾರ್ಚ್ ಕೊನೆ ಹೇಗಿತ್ತು ಎಂದು ಪಕ್ಕದಲ್ಲೇ ಇಟ್ಟು ನೋಡಬೇಕಲ್ಲ. ಹಬ್ಬಗಳ ತಾರೀಕು ವರ್ಷ ವರ್ಷ ಬದಲಾಗುತ್ತದೆ, ಅದಕ್ಕೇ 12ರ ಬದಲು 13.

ಮಾನಿಟರಿಂಗ್‌ನಿಂದಲೇ ಡೇಟಾಬೇಸ್ ನಿಧಾನ ಆಗಲ್ವಾ?

ಮಿತಿಯಲ್ಲಿ ಇಟ್ಟರೆ ಗೊತ್ತೂ ಆಗುವುದಿಲ್ಲ. ಕನೆಕ್ಷನ್, ಟ್ರಾನ್ಸಾಕ್ಷನ್ ಇಂಥವನ್ನು 15 ಸೆಕೆಂಡಿಗೊಮ್ಮೆ ಓದಿ. ಸಾವಿರಾರು ಟೇಬಲ್‌ಗಳ ಗಾತ್ರವನ್ನು ಅಷ್ಟು ಸಲ ಕೇಳಬೇಡಿ, ಗಂಟೆಗೊಮ್ಮೆ ಸಾಕು.

ನಮ್ಮದು ಮೈಎಸ್‌ಕ್ಯೂಎಲ್. ಇದೆಲ್ಲ ಅನ್ವಯಿಸುತ್ತಾ?

ಕೇಳಬೇಕಾದ ಪ್ರಶ್ನೆಗಳು ಅವೇ, ಉತ್ತರ ಸಿಗುವ ಜಾಗ ಬೇರೆ. ಮೈಎಸ್‌ಕ್ಯೂಎಲ್‌ನಲ್ಲಿ ಪರ್ಫಾರ್ಮೆನ್ಸ್ ಸ್ಕೀಮಾ ಮತ್ತು ಸ್ಲೋ ಕ್ವೆರಿ ಲಾಗ್ ನೋಡಿ. ಆ ಲಾಗ್‌ನ ಮಿತಿ ಮೊದಲಿಗೆ 10 ಸೆಕೆಂಡ್ ಇರುತ್ತದೆ, ಅದನ್ನು ತಪ್ಪದೆ ಇಳಿಸಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರಿಂದ ಕ್ವೆರಿ ಸ್ಟೋರ್ ಇದೆ. ಒರಾಕಲ್‌ನಲ್ಲಿ ಎಡಬ್ಲ್ಯುಆರ್ ಎಂಬ ವರದಿ ಚೆನ್ನಾಗಿದೆ, ಆದರೆ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಮುಟ್ಟುವ ಮೊದಲು ನಿಮ್ಮಲ್ಲಿ ಇದೆಯೇ ಎಂದು ಕೇಳಿಕೊಳ್ಳಿ.

ಫಲಿತಾಂಶದ ದಿನಕ್ಕೆ, ಹಬ್ಬದ ಬುಕಿಂಗ್‌ಗೆ ಸರ್ವರ್ ತಡೆಯುತ್ತಾ ಅಂತ ಹೇಗೆ ಹೇಳುವುದು?

'ಈಗ 50% ಬಳಕೆ, ಇನ್ನೂ ಎರಡರಷ್ಟು ತಡೆಯುತ್ತದೆ' ಎಂಬ ಲೆಕ್ಕ ಹಾಕಬೇಡಿ. ಒಂದೇ ಕೌಂಟರ್ ಇರುವ ದರ್ಶಿನಿ ನೆನಪಿಸಿಕೊಳ್ಳಿ. ಕೌಂಟರಿನವನು ಅರ್ಧ ಹೊತ್ತು ಬಿಡುವಾಗಿದ್ದರೆ ನಿಮಗೆ ಬೇಗ ಟೋಕನ್ ಸಿಗುತ್ತದೆ. ಅವನಿಗೆ ಉಸಿರಾಡಲೂ ಬಿಡುವಿಲ್ಲದಿದ್ದರೆ ಸಾಲು ಬಾಗಿಲು ದಾಟಿ ಬೀದಿಗೆ ಬರುತ್ತದೆ. ಸಾಲುಗಳ ಸರಳ ಗಣಿತದ ಪ್ರಕಾರ, 50% ಬಳಕೆಯಲ್ಲಿ ಒಟ್ಟು ಹಿಡಿಯುವ ಹೊತ್ತು ನಿಜವಾದ ಕೆಲಸದ 2 ಪಟ್ಟು. 80%ರಲ್ಲಿ 5 ಪಟ್ಟು, 90%ರಲ್ಲಿ 10 ಪಟ್ಟು. ಏರಿಕೆ ನೇರ ಅಲ್ಲ, ಕೊನೆಯಲ್ಲಿ ಗೋಡೆಯ ಹಾಗೆ ನಿಲ್ಲುತ್ತದೆ. ಹಾಗಾಗಿ ಜನ ತುಂಬಿದ ಹೊತ್ತಿನಲ್ಲೂ 60–70% ಒಳಗೆ ಇರುವಂತೆ ಯೋಜನೆ ಮಾಡಿ.

ಎಸ್‌ಎಸ್‌ಎಲ್‌ಸಿ ಫಲಿತಾಂಶದಂಥ ದಿನದಲ್ಲಿ ಲಕ್ಷಾಂತರ ಮಕ್ಕಳು ಒಂದೇ ಹೊತ್ತಿಗೆ ನೋಂದಣಿ ಸಂಖ್ಯೆ ಒತ್ತುತ್ತಾರೆ. ಕೈ ನಡುಗುತ್ತಿರುತ್ತದೆ, ಪಕ್ಕದಲ್ಲಿ ಅಪ್ಪ ಅಮ್ಮ ನಿಂತಿರುತ್ತಾರೆ. ಅಂಥ ಹೊತ್ತಿಗೆ ಡೇಟಾಬೇಸ್‌ವರೆಗೆ ಕೋರಿಕೆಗಳು ಬರದಂತೆ ಮುಂದೆಯೇ ಕ್ಯಾಶ್ ಇಡಬೇಕು. ಪ್ರಕಟವಾದ ಫಲಿತಾಂಶ ನಿಮಿಷ ನಿಮಿಷಕ್ಕೂ ಬದಲಾಗುವುದಿಲ್ಲವಲ್ಲ. ಎರಡು ವಾರ ಮೊದಲೇ ಅದೇ ಗಾತ್ರದ ಡೇಟಾ ಹಾಕಿ ಲೋಡ್ ಟೆಸ್ಟ್ ಮಾಡಿ, ಯಾವ ಪ್ಯಾನೆಲ್ ಮೊದಲು ಕೆಂಪಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ.

ನಾನು ಮಾಡಿದ ಡ್ಯಾಶ್‌ಬೋರ್ಡ್ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಟೆಸ್ಟ್ ಮಷಿನ್ನಿನಲ್ಲಿ ಬೇಕಂತಲೇ ಕೆಡಿಸಿ ನೋಡಿ. ಎರಡು ವಿಂಡೋ ತೆರೆಯಿರಿ. ಒಂದರಲ್ಲಿ ಬಿಗಿನ್ ಹೇಳಿ ಒಂದು ಸಾಲು ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ ಬಿಡಿ. ಇನ್ನೊಂದರಲ್ಲಿ ಅದೇ ಸಾಲನ್ನು ಅಪ್‌ಡೇಟ್ ಮಾಡಲು ಹೋಗಿ. ಅದು ಅಲ್ಲೇ ನಿಲ್ಲುತ್ತದೆ. ಈಗ ಈ ವಿಷಯ ಗೊತ್ತಿಲ್ಲದ ಸಹೋದ್ಯೋಗಿಯನ್ನು ಕರೆದು ಡ್ಯಾಶ್‌ಬೋರ್ಡ್ ಮುಂದೆ ಕೂರಿಸಿ, ಏನಾಗಿದೆ ಹೇಳಿ ಅಂತ ಕೇಳಿ. ಐದು ನಿಮಿಷದಲ್ಲಿ ಅವರು ಲಾಕ್ ಹಿಡಿದಿರುವ ಕನೆಕ್ಷನ್ ತೋರಿಸಿದರೆ ನಿಮ್ಮ ಪುಟ ಕೆಲಸ ಮಾಡುತ್ತಿದೆ. ತೋರಿಸಲು ಆಗದಿದ್ದರೆ ಅವರು ಎಲ್ಲಿ ತಡಕಾಡಿದರೋ ಅಲ್ಲಿಂದ ತಿದ್ದಲು ಶುರುಮಾಡಿ.